ಟೀ ಲೋಟಕ್ಕೆ ಫೋಕಸ್ ಆಗದ ಲೆನ್ಸ್

ಬೆಂಗಳೂರಿನಲ್ಲಿ ಕ್ಯಾಮೆರಾ, ಲೆನ್ಸ್ ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ನನ್ನ ಕೆಲಸ. ಶುಕ್ರವಾರ ಸಂಜೆ ಲೆನ್ಸ್‌ಗಳು ಕಾಡಿಗೆ ಹೊರಡುತ್ತವೆ, ಸೋಮವಾರ ಧೂಳು ಹೊತ್ತು ವಾಪಸ್ ಬರುತ್ತವೆ. ಗಾಜು ಒರೆಸಿ, ಟಾರ್ಚ್ ಬೆಳಕು ಬಿಟ್ಟು ಒಳಗೆ ಫಂಗಸ್ ಇದೆಯಾ ನೋಡಿ, ಎದುರು ಬಿಲ್ಡಿಂಗಿನ ನೀರಿನ ಟ್ಯಾಂಕ್‌ದು ಒಂದು ಫೋಟೋ ತೆಗೆಯುತ್ತಿದ್ದೆ. ಟ್ಯಾಂಕಿನ ಮೇಲಿನ ಅಕ್ಷರ ಚೂಪಾಗಿ ಬಂದರೆ ಲೆನ್ಸ್ ಪಾಸ್.

ಒಂದು ಸೋಮವಾರ ಒಬ್ಬರು ನಿಕಾನ್ 200-500 ಎಂಎಂ ಜೂಮ್ ಲೆನ್ಸನ್ನು ಕೌಂಟರ್ ಮೇಲಿಟ್ಟು, ‘ಇದು ಹಾಳಾಗಿದೆ’ ಎಂದರು. ರಂಗನತಿಟ್ಟಿಗೆ ಹೋಗಿದ್ದರಂತೆ. ದೂರದ ಮರದ ಕೊಕ್ಕರೆಗಳೆಲ್ಲ ಚೆನ್ನಾಗಿ ಬಂದಿದ್ದವು. ಆಮೇಲೆ ದೋಣಿ ಬಂಡೆಯ ಹತ್ತಿರ ಹೋಯಿತು. ನಾಲ್ಕೇ ಮೀಟರ್ ದೂರದಲ್ಲಿ ಮೊಸಳೆ ಬಾಯಿ ತೆರೆದು ಮಲಗಿತ್ತು. ಲೆನ್ಸ್ ಹಿಂದೆ ಮುಂದೆ ತಡಕಾಡಿತೇ ಹೊರತು ಫೋಕಸ್ ಕೂರಲೇ ಇಲ್ಲ.

ನಾನು ಟ್ಯಾಂಕಿನ ಫೋಟೋ ತೆಗೆದು ತೋರಿಸಿದೆ. ‘ಸರಿಯಾಗೇ ಇದೆಯಲ್ಲ ಸಾರ್.’ ದನಿಯಲ್ಲಿ ಸ್ವಲ್ಪ ಕೊಬ್ಬು ಇತ್ತು, ಒಪ್ಪಿಕೊಳ್ಳುತ್ತೇನೆ. ಅವರು ಜಗಳಕ್ಕೆ ಬರಲಿಲ್ಲ. ಮೂಲೆಯ ಮೇಜಿನ ಮೇಲಿದ್ದ ನನ್ನ ಟೀ ಲೋಟ ತೋರಿಸಿ, ‘ಅದಕ್ಕೆ ಹಿಡೀರಿ’ ಎಂದರು. ಮೂರು ಮೀಟರ್ ಇರಬಹುದು. ಫೋಕಸ್ ಆಗಲಿಲ್ಲ.

ಲೆನ್ಸಿನ ಪಕ್ಕ ನೋಡಿದೆ. ಫೋಕಸ್ ಲಿಮಿಟರ್ ಸ್ವಿಚ್ ‘6 ಮೀಟರ್‌ನಿಂದ ಆಚೆ’ ಎಂಬಲ್ಲಿ ಕೂತಿತ್ತು. ಇದು ಒಳ್ಳೆಯ ಸ್ವಿಚ್ಚೇ. ಹಾರುವ ಹಕ್ಕಿ ಹಿಡಿಯುವಾಗ ಲೆನ್ಸ್ ಹತ್ತಿರದಲ್ಲೆಲ್ಲ ಸುಮ್ನೆ ಹುಡುಕಾಡುವುದಿಲ್ಲ, ಬೇಗ ಫೋಕಸ್ ಆಗುತ್ತದೆ. ಆದರೆ 6 ಮೀಟರ್‌ಗಿಂತ ಹತ್ತಿರ ಇರುವುದು ಅದರ ಪಾಲಿಗೆ ಇಲ್ಲವೇ ಇಲ್ಲ. ‘ಫುಲ್’ಗೆ ತಳ್ಳಿದರೆ ಸುಮಾರು 2.2 ಮೀಟರ್‌ವರೆಗೂ ಹಿಡಿಯುತ್ತದೆ. ಹಿಂದಿನ ಗಿರಾಕಿ ಹಾಗೇ ಬಿಟ್ಟಿದ್ದರು, ನಾನು ನೋಡದೆ ಪ್ಯಾಕ್ ಮಾಡಿದ್ದೆ. ನನ್ನ ಪರೀಕ್ಷೆಯೇ ದೂರದ ಟ್ಯಾಂಕಿನದು. ಅದರಲ್ಲಿ ಈ ತಪ್ಪು ಸಿಗುವುದು ಹೇಗೆ?

ಬಾಡಿಗೆ ವಾಪಸ್ ಕೊಟ್ಟೆವು. ಮೊಸಳೆ ವಾಪಸ್ ಕೊಡಲಾಗಲಿಲ್ಲ.

ಈಗ ಪ್ರತಿ ಲೆನ್ಸಿಗೂ ಎರಡು ಫೋಟೋ: ಟ್ಯಾಂಕು, ಟೀ ಲೋಟ. ಲೆನ್ಸ್ ಕೊಡುವಾಗ ಗಿರಾಕಿಯ ಬೆರಳಿನಿಂದಲೇ ಸ್ವಿಚ್‌ಗಳನ್ನು ಒತ್ತಿಸುತ್ತೇನೆ. ಬರುವವರೆಲ್ಲ ‘ಎಷ್ಟು ಎಂಎಂ ಇದೆ?’, ಅಂದರೆ ಎಷ್ಟು ದೂರದ್ದನ್ನು ಹತ್ತಿರ ಎಳೆಯುತ್ತದೆ, ಎಂದೇ ಶುರು ಮಾಡುತ್ತಾರೆ. ನಾನು ಮೊದಲು ಕೇಳುವುದು ದೋಣಿಯೋ ಜೀಪೋ ಅಂತ. ದೋಣಿಯಾದರೆ ಟ್ರೈಪಾಡ್ ಬೇಡ, ಅಲುಗಾಟ ಅದಕ್ಕೂ ಹತ್ತುತ್ತದೆ. ಹಾರುವ ಹಕ್ಕಿಗೆ ಶಟರ್ ವೇಗ ಸೆಕೆಂಡಿನ 1/1600 ಅಥವಾ ಅದಕ್ಕಿಂತ ಚುರುಕಾಗಿರಲಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ. ಲೆನ್ಸಿನೊಳಗಿನ ಅಲುಗಾಟ ತಡೆ, ಅಂದರೆ ವಿಆರ್, ನಿಮ್ಮ ಕೈ ನಡುಕ ತಡೆಯುತ್ತದೆ, ರೆಕ್ಕೆ ಬಡಿತವನ್ನಲ್ಲ. ಕಪ್ಪು ನೀರಿನ ಮುಂದೆ ಬಿಳಿ ಹಕ್ಕಿ ಬಂದರೆ ಕ್ಯಾಮೆರಾ ಮೋಸ ಹೋಗಿ ಬೆಳಕು ಜಾಸ್ತಿ ಕೊಡುತ್ತದೆ, ಗರಿಗಳೆಲ್ಲ ಸುಣ್ಣ ಬಳಿದಂತಾಗುತ್ತವೆ. ಎಕ್ಸ್‌ಪೋಷರ್ ಒಂದು ಸ್ಟಾಪ್‌ನಷ್ಟು, ಅಂದರೆ ಬೆಳಕು ಅರ್ಧಕ್ಕೆ, ಇಳಿಸಿ ನೋಡಿ.

ಕಬಿನಿ, ಬಂಡೀಪುರದ ಜೀಪಾದರೆ ಲೆನ್ಸ್ ಊರಿಡಲು ಬೀನ್ ಬ್ಯಾಗ್. ಖಾಲಿ ಚೀಲ ಕೊಡುತ್ತೇವೆ, ಅಕ್ಕಿ ನೀವೇ ತುಂಬಿಕೊಳ್ಳಬೇಕು. ಮೊಸಳೆ ತಪ್ಪಿಹೋದ ಅದೇ ಗಿರಾಕಿ ಮುಂದಿನ ಸಲ ಕಬಿನಿಗೆ ಹೊರಟು, ರಾಗಿ ತುಂಬಬಹುದಾ ಎಂದು ಕೇಳಿದರು. ತುಂಬಿ ಸಾರ್, ಹೊಲಿಗೆ ಮಾತ್ರ ಒಂದ್ಸಲ ನೋಡಿಕೊಳ್ಳಿ ಎಂದೆ.