ದಂಡೆ ಎಲ್ಲದೆ ನಡಿಯೂಕೆ?

ಕಳೆದ ವಾರ ಅಂಕೋಲಾದಲ್ಲಿ ಒಂದು ದಿನ ನಡೆಯದೆ ಸುಮ್ನೆ ಉಳಿದೆವು. ಕುಮಟಾದಿಂದ ಗೋಕರ್ಣ, ಅಲ್ಲಿಂದ ಗಂಗಾವಳಿ ನದಿ ದಾಟಿ ಅಂಕೋಲಾ. ಇಷ್ಟು ದೂರ ಆದಷ್ಟೂ ಸಮುದ್ರ ಬಿಡದೆ ಬಂದಿದ್ದೆವು. ಮುಂದಿನದು ಕಾರವಾರ. ಗೆಳತಿಯ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಮರಳಲ್ಲಿ ನಡೆದೂ ನಡೆದೂ ನನ್ನ ಮೀನಖಂಡ ಬಿಗಿದುಕೊಂಡಿತ್ತು.

ಬೆಳಿಗ್ಗೆ ಪೇಟೆಯ ಸ್ವಾತಂತ್ರ್ಯ ಸ್ಮಾರಕ ಭವನದ ಕಡೆ ಹೋಗಿ ಬಂದೆವು. ಅಂಕೋಲಾ ಅಂದರೆ ನನಗೆ ಮೊದಲು ನೆನಪಾಗುವುದು ಉಪ್ಪು. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ್ದು 1930ರ ಏಪ್ರಿಲ್ 6ರಂದು. ಸರಿಯಾಗಿ ಒಂದು ವಾರಕ್ಕೆ, 13ನೇ ತಾರೀಕು, ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿ ಕಾನೂನು ಮುರಿದರು. ಆಮೇಲೆ ಕರ ಕೊಡುವುದಿಲ್ಲ ಅಂತ ರೈತರು ಪಟ್ಟು ಹಿಡಿದರು. ಜಮೀನು ಹೋಯಿತು, ಜೈಲಾಯಿತು. ಗುಜರಾತಿನ ಬಾರ್ಡೋಲಿ ಕರನಿರಾಕರಣೆಗೆ ಹೆಸರಾದ ಊರು; ಕರ್ನಾಟಕದ ಬಾರ್ಡೋಲಿ ಅನ್ನುವ ಹೆಸರು ಅಂಕೋಲಾಕ್ಕೆ ಪುಕ್ಕಟೆ ಬಂದದ್ದಲ್ಲ. ಚಹಾ ಕುಡಿಯುವಾಗ ಪಕ್ಕದಲ್ಲಿದ್ದ ಹುಡುಗನೊಬ್ಬ "ಇಲ್ಲಿ ಎಂತ ನೋಡೂದು, ಗೋಕರ್ಣಕ್ಕೇ ಹೋಗಿ" ಅಂದ. ಇಂಥ ಊರಲ್ಲಿ ಹುಟ್ಟಿದ ಮಕ್ಕಳಿಗೆ ಇದನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು ಅನ್ನಿಸಿತು.

ಬಿಸಿಲು ಇಳಿದ ಮೇಲೆ ಕೇಣಿಯ ಸಮುದ್ರಕ್ಕೆ ಹೋದೆವು. ಹಳೆಯ ಬಲೆ ಹಾಸಿ ಅದರ ಮೇಲೆ ಶೆಟ್ಲಿ, ಅಂದರೆ ಸಿಗಡಿ, ಒಣಗಿಸಿದ್ದರು. ಎಪ್ಪತ್ತರ ಆಸುಪಾಸಿನ ಒಬ್ಬ ಅಮ್ಮ ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ಅದನ್ನು ಹರವುತ್ತಿದ್ದರು. ನಡುವೆ ಸಿಕ್ಕ ಪುಟ್ಟ ಏಡಿ, ಕಸ, ಚಿಪ್ಪು ಎಲ್ಲ ಎರಡೇ ಬೆರಳಲ್ಲಿ ಹೆಕ್ಕಿ ಆಚೆ ಎಸೆಯುತ್ತಿದ್ದರು. ಕಾಗೆ ಬಂದರೆ ತಲೆ ಎತ್ತದೇ ಹುಶ್ ಅನ್ನುವುದು. ಕಾಗೆ ಬಂದದ್ದು ಅವರಿಗೆ ಹೇಗೆ ಗೊತ್ತಾಗುತ್ತಿತ್ತೋ!

"ಯಾವ ಊರು ತಂಗೀ?" ಅಂದರು. ಹೇಳಿದೆ. ನಡೆದು ಬಂದದ್ದನ್ನೂ ಹೇಳಿದೆ. ನಾಳೆ ಹೀಗೇ ದಂಡೆ ಹಿಡಿದು ಕಾರವಾರದ ಕಡೆ ಅಂದಾಗ ಕೈ ನಿಂತಿತು.

"ಕಾರವಾರಕ್ಕಾ? ದಂಡೆ ಎಲ್ಲದೆ ನಡಿಯೂಕೆ?"

ನಡೆಯೋಕೆ ದಂಡೆ ಎಲ್ಲಿದೆ ಅಂತ. ಜೋರಾಗಿ ಹೇಳಲಿಲ್ಲ. ಸಿಟ್ಟೂ ಇರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದ ಹಾಗೆ ಕೇಳಿದರು.

ಹಾರವಾಡದಿಂದ ಆಚೆ ಅರ್ಗಾದವರೆಗೆ ದಂಡೆ ನೌಕಾನೆಲೆಗೆ ಸೇರಿದ್ದು, ಅಲ್ಲಿ ಹೆದ್ದಾರಿ ಹಿಡಿಯಬೇಕು ಅಂತ ನಕಾಶೆ ನೋಡಿಯೇ ಹೊರಟಿದ್ದೆವು. ಸೀಬರ್ಡ್ ಅನ್ನುವ ಆ ನೌಕಾನೆಲೆ ಯೋಜನೆಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು 1986ರಲ್ಲಿ. ಕಾರವಾರ, ಅಂಕೋಲಾ ತಾಲೂಕಿನ ನಾಲ್ಕು ಸಾವಿರಕ್ಕೂ ಜಾಸ್ತಿ ಕುಟುಂಬಗಳು ಮನೆ ಬಿಟ್ಟವು. ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಅಲೆದವರಿದ್ದಾರೆ. ಇದನ್ನೆಲ್ಲ ಓದಿದ್ದೆ. ಆದರೆ ಈ ಅಮ್ಮನ ತವರುಮನೆ ಆ ಬದಿಗೇ ಇತ್ತಂತೆ. ನಕಾಶೆಯಲ್ಲಿ ಅದೆಲ್ಲಿ ಕಾಣಬೇಕು?

ನನ್ನ ಗೆಳತಿಯ ತಮ್ಮ ನೌಕಾಪಡೆಯಲ್ಲಿದ್ದಾನೆ. ಅವಳಿಗೆ ಸುಮ್ಮನಿರಲು ಆಗಲಿಲ್ಲ. "ದೇಶಕ್ಕೆ ಬೇಕಲ್ವಾ ಅಮ್ಮಾ?" ಅಂದಳು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು.

"ಬೇಕು ತಂಗೀ. ಬ್ಯಾಡ ಅಂದವ್ರು ಯಾರು? ಒಂದ್ಸಲ ಕೊಟ್ಟಾಯ್ತು. ಎಷ್ಟ್ ಸಲ ಕೊಡೂದು?"

ಮತ್ತೆ ಶೆಟ್ಲಿ ಹರವತೊಡಗಿದರು. ಗೆಳತಿ ಅವರ ಪಕ್ಕದಲ್ಲೇ ಕೂತು ಕಸ ಹೆಕ್ಕತೊಡಗಿದಳು. ಅವಳ ಈ ಗುಣ ನನಗೆ ಇಷ್ಟ. ಉತ್ತರ ಸಿಕ್ಕಿದ ಮೇಲೆ ಮತ್ತೆ ವಾದಕ್ಕೆ ನಿಲ್ಲುವುದಿಲ್ಲ.

ಎಷ್ಟ್ ಸಲ ಅಂದರೆ, ಈಗ ಸರದಿ ಕೇಣಿಯದು. ಇಲ್ಲಿ ದೊಡ್ಡ ಬಂದರು ಕಟ್ಟುವ ಯೋಜನೆಯ ವಿರುದ್ಧ 2025ರಲ್ಲಿ ಮೀನುಗಾರರು ಬೀದಿಗಿಳಿದರು, ಸಮುದ್ರಕ್ಕೂ ಇಳಿದರು. ಬಂದರಿನಿಂದ ಕೆಲಸ ಬರುತ್ತದೆ ಅನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಈ ಜಿಲ್ಲೆಯ ಹುಡುಗರು ಕೆಲಸ ಹುಡುಕಿಕೊಂಡು ಎಲ್ಲೆಲ್ಲಿ ಹೋಗುತ್ತಾರೆ ಅಂತ ನನಗೂ ಗೊತ್ತು. ಆದರೆ ದಂಡೆಯೆಂದರೆ ಖಾಲಿ ಜಾಗ ಅಂತ ಹೊರಗಿನವರು ಅಂದುಕೊಳ್ಳುವುದಿದೆಯಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ದೋಣಿ ಎಳೆದು ನಿಲ್ಲಿಸಲು, ಬಲೆ ಹರಡಿ ಹೊಲಿಯಲು, ಮೀನು ಒಣಗಿಸಲು ಮರಳೇ ಬೇಕು. ಹಿಂದೆ ಈ ಕರಾವಳಿಯಲ್ಲಿ ರಂಪಣಿ ಅನ್ನುವ ದೊಡ್ಡ ಬಲೆ ಎಳೆಯುತ್ತಿದ್ದಾಗ ಅದರ ಎರಡೂ ತುದಿಗೆ ಹತ್ತಾರು ಜನ ನಿಂತು ದಡಕ್ಕೆ ಜಗ್ಗುತ್ತಿದ್ದರು. ಅಷ್ಟು ಉದ್ದ ದಂಡೆ ಬೇಕಿತ್ತು, ಅಷ್ಟು ಜನಕ್ಕೂ ಪಾಲು ಸಿಗುತ್ತಿತ್ತು. 1970ರ ದಶಕದಲ್ಲಿ ಸಮುದ್ರದಲ್ಲೇ ಮೀನಿನ ಸುತ್ತ ಬಲೆ ಬೀಸಿ ಹಿಡಿಯುವ ಪರ್ಸೀನ್ ದೋಣಿಗಳು ಬಂದು ರಂಪಣಿ ಹಿಂದೆ ಸರಿಯಿತು. ದಂಡೆಯ ಕೆಲಸ ಮಾತ್ರ ಮುಗಿದಿಲ್ಲ. ನಮ್ಮ ಮುಂದೆಯೇ ನಡೆಯುತ್ತಿತ್ತು.

ರಾತ್ರಿ ಲಾಡ್ಜಿನಲ್ಲಿ ನಿದ್ದೆ ಬರಲಿಲ್ಲ. ಕಾಲು ನೋವಿಗಿಂತ ಜಾಸ್ತಿ ಆ ಮಾತೇ. ದಂಡೆ ಎಲ್ಲದೆ ನಡಿಯೂಕೆ? 1930ರಲ್ಲಿ ಈ ಊರಿನವರು ಕೇಳಿದ್ದೂ ಹತ್ತಿರಹತ್ತಿರ ಇದನ್ನೇ ಅಲ್ವಾ? ಸಮುದ್ರ ಎದುರಿಗಿದೆ, ಅದರ ಉಪ್ಪು ಮುಟ್ಟಲು ಸರಕಾರದ ಅಪ್ಪಣೆ ಯಾಕೆ ಬೇಕು ಅಂತ. ಆಗ ಕೇಳಿದವರ ಹೆಸರಲ್ಲಿ ಭವನ ಕಟ್ಟಿದ್ದೇವೆ. ಈಗ ಕೇಳುವವರನ್ನು ಅಭಿವೃದ್ಧಿ ವಿರೋಧಿಗಳು ಅನ್ನುತ್ತೇವೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ನನ್ನಂಥವರ ಬಗ್ಗೆಯೂ ಯೋಚಿಸಿದೆ. ಕುಮಟಾದಿಂದ ಗೋಕರ್ಣದ ಚಾರಣಕ್ಕೆ ವಾರಾಂತ್ಯಗಳಲ್ಲಿ ಬೆಂಗಳೂರಿನಿಂದ ಬಸ್ಸುಗಟ್ಟಲೆ ಜನ ಬರುತ್ತಾರೆ. ಸೂರ್ಯಾಸ್ತದ ಫೋಟೋ ತೆಗೆದು ಹೋಗುತ್ತಾರೆ. ಬರಲಿ, ಸಂತೋಷ. ಆದರೆ ಅಷ್ಟು ದೂರ ತಡೆಯಿಲ್ಲದೆ ನಡೆಯಲು ಸಿಕ್ಕಿದ್ದು ಈ ಮರಳನ್ನು ಬಳಸಿ ಬದುಕುವ ಜನ ಇಲ್ಲೇ ಉಳಿದದ್ದರಿಂದ. ಅವರು ಎದ್ದು ಹೋದ ಕಡೆ ಬೇಲಿ ಬಂದಿದೆ. ಚಾರಣಿಗರನ್ನು ಕರೆತರುವ ತಂಡಗಳು ಗೋಕರ್ಣಕ್ಕೇ ನಿಲ್ಲದೆ ಒಂದು ಸಂಜೆ ಕೇಣಿಗೂ ಬರಲಿ. ಒಣಮೀನು ಕೊಳ್ಳಲಿ, ಇಲ್ಲಿನವರ ಜೊತೆ ಕೂತು ಮಾತಾಡಲಿ.

ಹೊರಡುವಾಗ ಆ ಅಮ್ಮ ದಾರಿಯನ್ನೂ ಹೇಳಿಕೊಟ್ಟಿದ್ದರು. ಬೇಲೆಕೇರಿ ಮೇಲಿಂದ ಹೋಗಿ, ಹಾರವಾಡದವರೆಗೆ ತೊಂದರೆ ಇಲ್ಲ, ಆಮೇಲೆ ಹೈವೇದಲ್ಲಿ ಲಾರಿ ಜಾಸ್ತಿ, ಹೆಣ್ಣುಮಕ್ಕಳು ನಡೀಬೇಡಿ, ಬಸ್ಸು ಹತ್ತಿ ಅಂತ. ಮರುದಿನ ಹಾಗೆಯೇ ಮಾಡಿದೆವು. ಬಸ್ಸು ನೌಕಾನೆಲೆಯ ಗೋಡೆಯ ಪಕ್ಕ ಹೋಗುವಾಗ ಗೆಳತಿ ತಮ್ಮನಿಗೆ ಫೋನ್ ಹಚ್ಚಿದಳು. "ನೀನು ಕಾರವಾರಕ್ಕೆ ಪೋಸ್ಟಿಂಗ್ ಆಗಿ ಬಂದರೆ ಒಬ್ಬರ ಮನೆಗೆ ಹೋಗಬೇಕು ಕಣೋ" ಅಂದಳು.