ಸ್ಪಿತಿಗೆ ಹೊರಡುವ ಮುನ್ನ ಟೈರಿನ ಎರಡೂ ಪಕ್ಕೆ ನೋಡಿ

ಹಿಮಾಚಲದ ಸ್ಪಿತಿ ಕಣಿವೆಯ ಮುಖ್ಯ ಊರಾದ ಕಾಜಾದಲ್ಲಿ ಪಂಕ್ಚರ್ ಅಂಗಡಿಯ ಹುಡುಗ ಸೀಳಿದ ಟೈರನ್ನು ಮಗುಚಿ ಹಾಕಿದ. ಒಳಪಕ್ಕೆಗೆ ಮೆತ್ತಿದ್ದ ಕೆಸರನ್ನು ಬಟ್ಟೆಯಿಂದ ಒರೆಸಿ ನಾಲ್ಕು ಅಂಕಿಗಳ ಮೇಲೆ ಬೆರಳಿಟ್ಟ: 1421. ಅಂದರೆ 2021ನೇ ಇಸವಿಯ 14ನೇ ವಾರದಲ್ಲಿ ತಯಾರಾದ ಟೈರ್. ನಾನು ಅದನ್ನು ಬೆಂಗಳೂರಿನ ಅಂಗಡಿಯೊಂದರಲ್ಲಿ ಕೊಂಡದ್ದು 2024ರ ಜೂನ್‌ನಲ್ಲಿ, ಹೊಸ ಮಾಲೆಂಬ ಮಾತನ್ನು ನಂಬಿ, ಒಂದು ರೂಪಾಯಿಯೂ ಚೌಕಾಸಿ ಮಾಡದೆ.

ತಯಾರಿಕೆಯ ವಾರ ಮತ್ತು ವರ್ಷವನ್ನು ಹೇಳುವ ಈ ಅಂಕಿಗಳು ಬಹಳಷ್ಟು ಟೈರುಗಳಲ್ಲಿ ಒಂದೇ ಪಕ್ಕೆಯಲ್ಲಿರುತ್ತವೆ. ನಾಲ್ಕು ಟೈರುಗಳಲ್ಲಿ ಎರಡಕ್ಕೆ ಅದು ಹೊರಗಿತ್ತು, ಆ ಎರಡೂ ನಾನು ಕೊಂಡ ವರ್ಷವೇ ತಯಾರಾದವು. ಇನ್ನೆರಡನ್ನು ಅಂಕಿ ಒಳಗೆ ಬರುವಂತೆ ಕೂರಿಸಿದ್ದರು. ವಾಹನದ ಕೆಳಗೆ ಮಲಗಿ ನೋಡದ ಹೊರತು ಕಾಣುವುದಿಲ್ಲ. ಕೈತಪ್ಪಿನಿಂದ ಹಾಗಾಯಿತೆಂದು ನಾನು ಇವತ್ತಿಗೂ ನಂಬುವುದಿಲ್ಲ. ಹಳೆಯದಾದ್ದರಿಂದಲೇ ಟೈರ್ ಸೀಳಿತೆಂದೂ ಹೇಳುವುದಿಲ್ಲ. ಆ ಕಲ್ಲಿನ ಅಂಚು ಕೊಡಲಿಯ ಹಾಗಿತ್ತು, ಗಾಳಿಯ ವಿಷಯದಲ್ಲಿ ನನ್ನ ತಪ್ಪೂ ಇತ್ತು. ಆದರೆ ಮೂರು ವರ್ಷ ಗೋದಾಮಿನಲ್ಲಿ ಬಿದ್ದಿದ್ದ ರಬ್ಬರಿಗೆ ಹೊಸದರ ಬೆಲೆ ತೆಗೆದುಕೊಂಡದ್ದು ಮೋಸವೇ.

ನಮ್ಮದು ಜಿಮ್ನಿ, ಮಾರುತಿಯ ಪುಟ್ಟ ಫೋರ್‌ವೀಲ್ ವಾಹನ. ಬೆಂಗಳೂರಿನಿಂದ ಮನಾಲಿಯವರೆಗಿನ ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ, ಎಲ್ಲವೂ ಹೆದ್ದಾರಿ. ಮನಾಲಿಯಲ್ಲಿ ಒಂದು ರಾತ್ರಿಗಿಂತ ಹೆಚ್ಚು ನಿಲ್ಲಬೇಡಿ. ಆ ಜನಜಂಗುಳಿ, ಆ ಹಾರ್ನ್ ಸದ್ದು ನನಗಂತೂ ಸಹಿಸಲಾಗಲಿಲ್ಲ. ಅಟಲ್ ಸುರಂಗ ದಾಟಿ, ಕೋಕ್ಸರ್ ಮೂಲಕ ಗ್ರಾಂಫೂ ತಲುಪಿ ಕಾಜಾ ಕಡೆಗೆ ತಿರುಗಿದ ಮೇಲೆ ನಿಜವಾದ ಪರೀಕ್ಷೆ. ಛತ್ರು, ಬಾತಲ್ ದಾಟಿ ಕುಂಜುಮ್ ಕಣಿವೆಮಾರ್ಗ ಏರುವವರೆಗೆ ಬಹುಪಾಲು ಕಲ್ಲಿನ ಹಾಸು, ನಡುನಡುವೆ ರಸ್ತೆಯ ಮೇಲೆಯೇ ಹರಿಯುವ ನಾಲಾಗಳು. ಹಿಮ ಕರಗಿದ ನೀರಾದ್ದರಿಂದ ಬಿಸಿಲೇರಿದಂತೆ ಹರಿವು ಜೋರಾಗುತ್ತದೆ. ಬೆಳಿಗ್ಗೆ ಮೊಣಕಾಲಿನಷ್ಟಿದ್ದ ನಾಲಾ ಮಧ್ಯಾಹ್ನ ಸೊಂಟಕ್ಕೆ ಬರಬಹುದು. ಮನಾಲಿಯಿಂದ ಬೆಳಗಿನ ಜಾವವೇ ಹೊರಡಿ.

ಬಾತಲ್‌ಗೆ ಇನ್ನೇನು ಅರ್ಧ ಗಂಟೆಯ ದಾರಿ ಇದೆ ಎನ್ನುವಾಗ ಹಿಂದಿನ ಎಡಗಡೆಯ ಟೈರ್ ಸೀಳಿತು. ಗಾಳಿ ಇಳಿಸಿದಷ್ಟೂ ಹಿಡಿತ ಹೆಚ್ಚೆಂದು ಯಾರೋ ಹೇಳಿದ್ದನ್ನು ಕೇಳಿ 18 ಪಿಎಸ್‌ಐಗೆ ಇಳಿಸಿದ್ದೆ. ಮರಳಿಗೆ, ಕೆಸರಿಗೆ ಅದು ಸರಿ. ಚೂಪುಗಲ್ಲಿನ ದಾರಿಯಲ್ಲಿ ಅಷ್ಟು ಇಳಿಸಿದರೆ ಟೈರಿನ ಪಕ್ಕೆ ಹೊರಗೆ ಉಬ್ಬಿ ಕಲ್ಲಿಗೆ ಒಡ್ಡಿಕೊಳ್ಳುತ್ತದೆ. ಟೈರಿನ ನೆಲಮುಟ್ಟುವ ಭಾಗಕ್ಕೆ ಮೊಳೆ ಹೊಕ್ಕರೆ ರಬ್ಬರ್ ಬತ್ತಿ ತುರುಕಿ ಮುಂದೆ ಹೋಗಬಹುದು, ಪಕ್ಕೆ ಸೀಳಿದರೆ ಆ ಟೈರ್ ಮುಗಿಯಿತು. ಕಂಪನಿ ಹೇಳಿದ್ದಕ್ಕಿಂತ ನಾಲ್ಕೈದು ಪಿಎಸ್‌ಐ ಇಳಿಸಿದರೆ ಈ ದಾರಿಗೆ ಸಾಕು. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿ ಮೀಟರ್ ಹೆಚ್ಚು ತೋರಿಸುತ್ತದೆ, ರಾತ್ರಿಯ ಚಳಿ ಅದನ್ನು ಮತ್ತೆ ಇಳಿಸುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ, ಚಕ್ರ ಉರುಳುವ ಮೊದಲೇ ಅಳೆಯಿರಿ.

ಜಾಕ್ ನಿಲ್ಲುವುದಕ್ಕೇ ಗಟ್ಟಿ ನೆಲವಿರಲಿಲ್ಲ. ಚಪ್ಪಟೆ ಕಲ್ಲು ಹುಡುಕಿ, ಅದರ ಮೇಲೆ ಜಾಕ್ ಇಟ್ಟು ಸ್ಟೆಪ್ನಿ ಹಾಕುವಷ್ಟರಲ್ಲಿ ಕೈ ಮರಗಟ್ಟಿತ್ತು. ಆ ಸ್ಟೆಪ್ನಿ ಕಂಪನಿಯೇ ಕೊಟ್ಟ 195/80 ಆರ್15, ಉಳಿದ ಮೂರು 215/75 ಆರ್15 (ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಅಗಲದ ಶೇಕಡಾವಾರಿನಲ್ಲಿ ಪಕ್ಕೆಯ ಎತ್ತರ, ಕೊನೆಯದು ಇಂಚಿನಲ್ಲಿ ರಿಮ್ಮಿನ ಅಳತೆ). ಸುತ್ತಳತೆಯಲ್ಲಿ ವ್ಯತ್ಯಾಸ ಶೇ. 1.5ರಷ್ಟೇ. ಆದರೂ ಫೋರ್‌ವೀಲ್ ಹಾಕಿದಾಗ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಟ್ಟಾಗ, ಜಿಮ್ನಿಯ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದೇ ವೇಗದಲ್ಲಿ ತಿರುಗಬೇಕು. ಗಟ್ಟಿ ನೆಲದಲ್ಲಿ ಆ ಸಣ್ಣ ವ್ಯತ್ಯಾಸವೂ ಗೇರ್‌ಗಳ ಮೇಲೆ ಬೀಳುತ್ತದೆ. ಒಳ್ಳೆಯ ದಾರಿ ಸಿಕ್ಕಲ್ಲೆಲ್ಲ ಟೂವೀಲ್‌ಗೆ ಬದಲಿಸುತ್ತಾ ಹೋದೆ. ದಯವಿಟ್ಟು ನಾಲ್ಕು ಟೈರ್ ಕೊಳ್ಳಬೇಡಿ, ಐದು ಕೊಳ್ಳಿ.

ಬಾತಲ್‌ನ ಢಾಬಾದ ಬಗ್ಗೆ ಎಷ್ಟು ಬರೆದರೂ ನನಗೆ ತೃಪ್ತಿಯಿಲ್ಲ. ಕಲ್ಲು ಪೇರಿಸಿದ ಗೋಡೆ, ಮೇಲೆ ಟಾರ್ಪಾಲು, ಒಳಗೆ ಸೀಮೆಎಣ್ಣೆ ಒಲೆಯ ಬುಸುಬುಸು. ನಡುಗುತ್ತಾ ಹೋಗಿ ಕುಳಿತವರ ಕೈಗೆ ಏನೂ ಕೇಳದೆ ಬಿಸಿ ಚಹಾ ಕೊಟ್ಟರು. ಆಮೇಲೆ ರಾಜ್ಮಾ ಮತ್ತು ಅನ್ನ. ರಾಜ್ಮಾ ಬಾಯಲ್ಲಿಟ್ಟರೆ ಬೆಣ್ಣೆ, ಸಾರು ಗಟ್ಟಿ, ಶುಂಠಿಯ ಖಾರ ಗಂಟಲಿನಿಂದ ಹೊಟ್ಟೆಯವರೆಗೆ ಇಳಿಯುವುದು ಗೊತ್ತಾಗುತ್ತಿತ್ತು. ಎರಡನೆಯ ಸಲ ಬಡಿಸಿದ್ದಕ್ಕೆ ಹಣ ಹಿಡಿಯಲಿಲ್ಲ. ಇಬ್ಬರಿಗೆ ಚಹಾ ಸೇರಿ ಇನ್ನೂರನಲವತ್ತು ರೂಪಾಯಿ. ಪಾತ್ರೆ, ಅಕ್ಕಿ, ಸೌದೆ, ಪ್ರತಿಯೊಂದನ್ನೂ ಆ ದಾರಿಯಲ್ಲೇ ಹೊತ್ತು ತರಬೇಕಾದ ಜಾಗದಲ್ಲಿ ಆ ಬೆಲೆ. ಅದೇ ಸಂಜೆ ಕಾಜಾದಲ್ಲಿ ಬಿಸಿನೀರಿಲ್ಲದ, ಬಾಗಿಲಿನ ಚಿಲಕ ಹಿಡಿಯದ ಕೋಣೆಗೆ ನಾಲ್ಕೂವರೆ ಸಾವಿರ ತೆತ್ತೆವು. ಸುಸ್ತಾಗಿ ತಡವಾಗಿ ತಲುಪುವವರನ್ನು ಹೇಗೆ ನೋಡಿಕೊಳ್ಳುತ್ತಾರೆಂಬುದು ಅಲ್ಲಿ ತಿಳಿಯಿತು.

ಇನ್ನು ಟೈರಿನ ಅಳತೆ. ಬೆಂಗಳೂರಿನ ಅಂಗಡಿಯವನು 235/75 ಹಾಕಿಸಿ, ನೋಡಲು ಗತ್ತಾಗಿರುತ್ತದೆ ಎಂದಿದ್ದ. ಅದನ್ನು ಹಾಕಿದ್ದರೆ ಸ್ಪೀಡೋಮೀಟರ್ 80 ತೋರಿಸುವಾಗ ವಾಹನ ನಿಜಕ್ಕೂ 84-85ರಲ್ಲಿ ಓಡುತ್ತಿತ್ತು, ಎಂಜಿನ್‌ಗೂ ಹೊರೆ. ನಾನು 215/75ಕ್ಕೆ ನಿಂತೆ. ಅದು ನಮ್ಮನ್ನು ಕಾಪಾಡಿತು, ಏಕೆಂದರೆ ಬೊಲೆರೊ ಓಡುವುದೂ ಅದೇ ಅಳತೆಯಲ್ಲಿ. ಬೆಟ್ಟದ ಊರುಗಳಲ್ಲಿ ಬೊಲೆರೊ ಇಲ್ಲದ ಓಣಿಯಿಲ್ಲ. ಅರ್ಧ ಸವೆದ ಬೊಲೆರೊ ಟೈರ್ ಒಂದನ್ನು ಕಾಜಾದ ಆ ಪಂಕ್ಚರ್ ಹುಡುಗ ಒಳಗಿನಿಂದ ಎಳೆದು ತಂದು ಸಾವಿರದ ಐನೂರಕ್ಕೆ ಹಾಕಿಕೊಟ್ಟ. ಪಕ್ಕದಲ್ಲೇ ಪುಣೆಯ ಇಬ್ಬರು ಥಾರ್‌ನವರಿದ್ದರು. ಅವರ 255/65 ಆರ್18 ಟೈರ್ ಮನಾಲಿಯಿಂದ ಟ್ಯಾಕ್ಸಿಯಲ್ಲಿ ಬರಬೇಕೆಂದು ಎರಡು ದಿನದಿಂದ ಕಾಯುತ್ತಿದ್ದರು. ಅಂಥ ಅಳತೆಯವರು ಸಾಧ್ಯವಾದರೆ ಎರಡು ಸ್ಟೆಪ್ನಿ ಒಯ್ಯಿರಿ.

ಟೈರಿನ ಮೇಲೆ ‘ಆಲ್‌ಟೆರೇನ್’ (ಎಲ್ಲ ಬಗೆಯ ನೆಲಕ್ಕೆ) ಎಂದೋ ‘ಎಂ+ಎಸ್’ (ಕೆಸರು ಮತ್ತು ಹಿಮಕ್ಕೆ) ಎಂದೋ ಬರೆಯುವುದಕ್ಕೆ ನಿಗದಿತ ಪರೀಕ್ಷೆಯಿಲ್ಲ. ಮೂರು ಶಿಖರಗಳ ನಡುವೆ ಹಿಮದ ಹರಳಿರುವ ಗುರುತಿಗೆ ಮಾತ್ರ ಹಿಮದ ಮೇಲಿನ ಪರೀಕ್ಷೆ ಪಾಸಾಗಬೇಕು. ಜುಲೈ–ಸೆಪ್ಟೆಂಬರ್‌ನಲ್ಲಿ ಹೋಗುವವರಿಗೆ ಆ ಗುರುತು ಅನಗತ್ಯ. ಪಕ್ಕೆಯ ಮೇಲೆ ಸಣ್ಣ ಅಕ್ಷರದಲ್ಲಿ ಪದರಗಳ ಲೆಕ್ಕ ಬರೆದಿರುತ್ತದೆ, ಅದನ್ನು ಓದಿ. ಪಕ್ಕೆಗೆ ಎರಡು ಪದರವಿದ್ದದ್ದಕ್ಕಿಂತ ಮೂರು ಪದರದ್ದು ಕಲ್ಲಿಗೆ ಹೆಚ್ಚು ತಡೆಯುತ್ತದೆ. ಹಾಗೆಂದು ಭಾರ ಹೊರುವ ಪಿಕಪ್‌ಗಳಿಗೆಂದು ಮಾಡಿದ ‘ಹತ್ತು ಪ್ಲೈ’ ಬಲದ ದರ್ಜೆಯ ಗಡಸು ಟೈರನ್ನು ಜಿಮ್ನಿಯಂಥ ಹಗುರ ವಾಹನಕ್ಕೆ ಹಾಕಿಸಬೇಡಿ, ಬೆನ್ನು ಮುರಿಯುತ್ತದೆ.

ನಮ್ಮ ಊರಿನ ದಾರಿಗಳಲ್ಲಿ ಇದೇ ಟೈರ್ ಬೇರೆ ಬುದ್ಧಿ ತೋರಿಸಿತು. ಸಕಲೇಶಪುರದ ಕಡೆ ಆಗಸ್ಟ್ ಮಳೆಯಲ್ಲಿ ತೋಟದ ಕೆಮ್ಮಣ್ಣಿನ ಏರು ಹತ್ತುವಾಗ ಹಲ್ಲುಗಳ ಸಂದಿಗೆ ಅಂಟುಮಣ್ಣು ತುಂಬಿ ನುಣ್ಣಗಾಯಿತು, ಕೊನೆಗೆ ಟ್ರ್ಯಾಕ್ಟರ್ ಎಳೆಯಿತು. ಶಿರಾಡಿಯ ಒದ್ದೆ ಟಾರಿನಲ್ಲಿ ಬ್ರೇಕ್ ಮೊದಲಿದ್ದ ಕಂಪನಿಯ ಟೈರಿನಷ್ಟು ಚುರುಕಾಗಿ ಹಿಡಿಯುವುದಿಲ್ಲ, ಮೈಲೇಜ್ ಲೀಟರಿಗೆ ಒಂದೂವರೆ ಕಿಲೋಮೀಟರ್ ಇಳಿಯಿತು. ವರ್ಷಕ್ಕೊಮ್ಮೆ ಮಾತ್ರ ಇಂಥ ಪ್ರವಾಸ ಮಾಡುವವರು ಕಂಪನಿಯ ಟೈರಿನಲ್ಲೇ ಎರಡು ಸ್ಟೆಪ್ನಿಯೊಂದಿಗೆ ಹೋಗುವುದು ಲೇಸು.

ಕುಂಜುಮ್ ಮೂಲಕ ಹಿಂದಿರುಗುವ ಧೈರ್ಯವಾಗದೆ ನಾಕೋ, ರಾಂಪುರ ಕಡೆಯಿಂದ ಶಿಮ್ಲಾಕ್ಕೆ ಇಳಿದೆವು. ಬೆಂಗಳೂರಿನ ಆ ಅಂಗಡಿಯವರು ಬಿಲ್ಲಿನಲ್ಲಿ ಟೈರಿನ ತಯಾರಿಕೆಯ ಅಂಕಿ ಇಲ್ಲವೆಂದು ಕೈ ತೊಳೆದುಕೊಂಡರು. ಈಗ ಬೇರೆ ಕಡೆ ಐದು ಟೈರ್ ಕೊಂಡಿದ್ದೇನೆ. ರಿಮ್ಮಿಗೆ ಕೂರಿಸುವ ಮುಂಚೆಯೇ ಎರಡೂ ಪಕ್ಕೆ ತಿರುಗಿಸಿ ನೋಡಿ, ಐದರ ಅಂಕಿಯನ್ನೂ ಬಿಲ್ಲಿನ ಮೇಲೆ ಬರೆಸಿ, ಅಂಗಡಿಯ ಮೊಹರು ಹಾಕಿಸಿಕೊಂಡೆ.