ಎಡಚರು ಯಾರಿದ್ದಾರೆ?

ಕೋಲಾರದಲ್ಲಿ ಆಪ್ತ ಸಮಾಲೋಚಕನಾಗಿ ಕೆಲಸ ಮಾಡುತ್ತೇನೆ. ಹದಿನೆಂಟು ತುಂಬುವ ಮೊದಲೇ ಯಾವುದೋ ಕೇಸಿನಲ್ಲಿ ಸಿಕ್ಕಿಕೊಂಡ ಹುಡುಗರು ಬಾಲ ನ್ಯಾಯ ಮಂಡಳಿಯ ಆದೇಶದ ಮೇಲೆ ನಮ್ಮ ವೀಕ್ಷಣಾಲಯಕ್ಕೆ ಬರುತ್ತಾರೆ. ಹುಡುಗನ ಮುಖ ನೋಡುವ ಮುಂಚೆಯೇ ನಾನು ಅವನ ಫೈಲು ಓದಿರುತ್ತೇನೆ.

ಕಳೆದ ವರ್ಷ ನಿವೃತ್ತ ಹವಾಲ್ದಾರ್ ಒಬ್ಬರು ವಾರಕ್ಕೆರಡು ದಿನ ವಾಲಿಬಾಲ್ ಕಲಿಸಲು ಒಪ್ಪಿದರು. ನೆಲಬಾಂಬು ಸಿಡಿದು ಅವರ ಬಲಗಾಲು ಮೊಣಕಾಲಿನ ಕೆಳಗೆ ಹೋಗಿದೆ. ಮೊದಲ ದಿನ ಗೇಟಿನಿಂದ ಮೈದಾನದವರೆಗೆ ಜೊತೆಗೆ ನಡೆಯುತ್ತಾ, ಅವರಿಗೆ ಅನುಕೂಲವಾಗಲಿ ಅಂತ, ಯಾರದು ಯಾವ ಕೇಸು, ಯಾರ ಮೇಲೆ ಕಣ್ಣಿಡಬೇಕು ಎಂದು ಹೇಳಲು ಶುರು ಮಾಡಿದೆ. ಅವರು ನಿಂತುಬಿಟ್ಟರು.

"ಅದು ಬೇಡ ಸಾರ್. ಇವರಲ್ಲಿ ಎಡಚರು ಯಾರಿದ್ದಾರೆ, ಅದು ಹೇಳಿ."

ನನಗೆ ಗೊತ್ತಿರಲಿಲ್ಲ. ತಿಂಗಳುಗಟ್ಟಲೆ ಎದುರು ಕೂರಿಸಿಕೊಂಡು ಮಾತಾಡಿಸಿದ ಹುಡುಗರು! 2015ರ ಬಾಲ ನ್ಯಾಯ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ಗೋಪ್ಯತೆಯ ತತ್ವವಿದೆ, ಹೊಸ ಆರಂಭದ ತತ್ವವಿದೆ. ತರಬೇತಿಗಳಲ್ಲಿ ಅದನ್ನು ಬೇರೆಯವರಿಗೆ ಪಾಠ ಮಾಡಿದವನು ನಾನು. ಐವತ್ತು ಹೆಜ್ಜೆಯಲ್ಲಿ ಎರಡನ್ನೂ ಮುರಿದಿದ್ದೆ.

ಮೈದಾನದಲ್ಲಿ ಅವರು ಕೃತಕ ಕಾಲು ಬಿಚ್ಚಿ ಗೋಡೆಗೆ ಒರಗಿಸಿ, ನೆಲದ ಮೇಲೆ ಕೂತರು. "ಎಲ್ಲಾರೂ ಕೂತ್ಕೊಳ್ರಪ್ಪ."

"ಕಾಲಿದ್ದೂ ಯಾಕ್ ಸಾರ್ ಕೂರ್ಬೇಕು?"

"ನಾನೂ ನಿಮ್ ಜೊತೆ ಆಡ್ಬೇಕಲ್ಲ."

ಕೂತು ಆಡುವ ವಾಲಿಬಾಲ್‌ನಲ್ಲಿ ಗಂಡಸರ ನೆಟ್ಟಿನ ಎತ್ತರ 1.15 ಮೀಟರ್, ನಿಂತು ಆಡುವಾಗ 2.43. ಅಂಕಣ 10 ಮೀಟರ್ ಉದ್ದ, 6 ಮೀಟರ್ ಅಗಲ. ಚೆಂಡು ಹೊಡೆಯುವಾಗ ಕುಂಡಿ ನೆಲ ಬಿಡುವಂತಿಲ್ಲ. ಎದುರಿನವರ ಸರ್ವೀಸನ್ನೂ ಬ್ಲಾಕ್ ಮಾಡಬಹುದು. ಆಟದ ಕಷ್ಟವೆಲ್ಲ ಕೈಯಲ್ಲಿದೆ: ಜರುಗಲಿಕ್ಕೂ ಅದೇ ಕೈ, ಚೆಂಡಿಗೂ ಅದೇ ಕೈ. ಸದಾ ಮುಂದೆ ನಿಲ್ಲುತ್ತಿದ್ದ ಎತ್ತರದ ಹುಡುಗ ಹತ್ತೇ ನಿಮಿಷಕ್ಕೆ ಏದುಸಿರು ಬಿಟ್ಟ. ಮೂಲೆ ಹಿಡಿದು ಕೂರುತ್ತಿದ್ದ ಇನ್ನೊಬ್ಬ, ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಹೊತ್ತ ತೋಳಿನವನು, ಏಡಿಯ ಹಾಗೆ ಸರಸರ ಸರಿದು ಎಡಗೈಯಲ್ಲಿ ಬಾರಿಸಿದ. ಹವಾಲ್ದಾರರು ನನ್ನ ಕಡೆ ತಿರುಗಿ, "ಒಬ್ಬ ಸಿಕ್ಕಿದ ಸಾರ್" ಅಂದರು.

ನೀರು ಕುಡಿಯುವ ಹೊತ್ತಿನಲ್ಲಿ ಮುರಳಿಕಾಂತ್ ಪೇಟ್ಕರ್ ಅವರ ವಿಷಯ ಹೇಳಿದರು. ಸೈನ್ಯದಲ್ಲಿ ಬಾಕ್ಸರ್ ಆಗಿದ್ದವರು, 1965ರ ಯುದ್ಧದಲ್ಲಿ ಗುಂಡು ತಿಂದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು, 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದವರು. "ಬಾಕ್ಸಿಂಗ್ ಹೋಗಿದ್ದಕ್ಕೆ ಬೇಜಾರಾಗ್ಲಿಲ್ವಾ ಅವ್ರಿಗೆ?" ಅಂತ ಒಬ್ಬ ಕೇಳಿದ. "ಆಗಿರತ್ತೆ ಕಣಪ್ಪ." ಅಷ್ಟೇ ಅಂದು ಚೆಂಡು ಎತ್ತಿಕೊಂಡರು. ನಾನಾಗಿದ್ದರೆ ಅಲ್ಲೊಂದು ಉಪದೇಶ ಸೇರಿಸುತ್ತಿದ್ದೆ.

ಈಗ ಮೊದಲ ಭೇಟಿಗೆ ಫೈಲು ಒಯ್ಯುವುದಿಲ್ಲ. ಆ ಎಡಗೈ ಹುಡುಗ ಮೂರು ತಿಂಗಳಿಂದ ನನ್ನ ಪ್ರಶ್ನೆಗಳಿಗೆ "ಹೂಂ ಸಾರ್", "ಇಲ್ಲ ಸಾರ್" ಬಿಟ್ಟು ಬೇರೇನೂ ಹೇಳಿರಲಿಲ್ಲ. ಮರುವಾರ ಅವನ ಹೊಡೆತದ ಬಗ್ಗೆ ಕೇಳಿದೆ. ಅಂಗೈ ನೋಡಿಕೊಳ್ಳುತ್ತಾ ಹೇಳಿದ: "ಊಟಕ್ಕೆ ಕೂತಾಗ ಈ ಕೈ ಮುಂದೆ ಬಂದ್ರೆ ನಮ್ಮಜ್ಜಿ ಹೊಡೀತಿದ್ರು ಸಾರ್. ಆಮೇಲೆ ಅವ್ರೇ ತುತ್ತು ಕೊಡೋರು."